ಬೆನ್ನ ಮೇಲಿನ ಕೈ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಬಿಚ್ಚುವ ಮೊದಲು, ಉತ್ತರ ಗೊತ್ತಿದ್ದರೂ, ಕೇಳುವ ಮಾತು ಒಂದೇ: "ಹುಡುಗಿ ಬೆನ್ನ ಮ್ಯಾಲೆ ಯಾರ ಕೈ ಅದ?" ಕೂಸು ಹುಟ್ಟುವಾಗ ಅದನ್ನು ಮೊದಲು ಯಾರು ಹಿಡಿಯುತ್ತಾರೋ ಅವರ ಅಂಗೈ ಅದರ ಬೆನ್ನಿನಲ್ಲಿ ಉಳಿದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮಚ್ಚೆಯಲ್ಲ, ಕಲೆಯಲ್ಲ. ಹೆಗಲ ಮೂಳೆಗಳ ನಡುವೆ ಬೆಚ್ಚಗಿನ ಒಂದು ಒತ್ತು, ಅಷ್ಟೇ. ಸುಖದಲ್ಲಿರುವಾಗ ಅದು ಇದೆಯೆಂಬುದೇ ಮರೆತಿರುತ್ತದೆ. ಹೆದರಿಕೆಯಾದಾಗ, ಒಬ್ಬರೇ ಕೂತು ಅತ್ತಾಗ, ಯಾರೋ ಹಿಂದೆ ನಿಂತು ಕೈಯಿಟ್ಟ ಹಾಗೆ ತಿಳಿಯುತ್ತದೆ. ಬೇರೆಯವರು ಅಲ್ಲಿ ಅಂಗೈ ಇಟ್ಟರೆ ಒಳಗಿನಿಂದ ಇನ್ನೊಂದು ಅಂಗೈ ಮೆಲ್ಲಗೆ ಎದುರು ಒತ್ತುತ್ತದೆ.

ಇದಕ್ಕೆ ತಕ್ಕ ಹಾಗೆ ಊರು ಬದುಕಲು ಕಲಿತಿದೆ. ದರ್ಜಿಗಳು ಆ ಜಾಗದಲ್ಲಿ ದಪ್ಪ ಹೊಲಿಗೆ ಬರದಂತೆ ರವಿಕೆ ಕತ್ತರಿಸುತ್ತಾರೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಮಕ್ಕಳೆಲ್ಲ ಒಮ್ಮೆ ಬೆಂಚಿಗೆ ಒರಗುತ್ತಾರೆ. ನೂಕುನುಗ್ಗಲಿನ ಬಸ್ಸಿನಲ್ಲೂ ಯಾರೂ ಯಾರ ನಡುಬೆನ್ನಿಗೂ ಮೊಣಕೈ ತಾಗಿಸುವುದಿಲ್ಲ. ಹೊರಗಿನವರಿಗೆ ನಾವು ಬಹಳ ಮರ್ಯಾದಸ್ಥರಂತೆ ಕಾಣುತ್ತೇವೆ. ಒಂದೇ ಕೈಯವರು ಜಗಳವಾಡಿದರೆ ಊಟದ ಹೊತ್ತಿಗೆ ಮುಗಿಸಬೇಕೆಂಬುದು ರೂಢಿ. ಹಾಗೆ ನೋಡಿದರೆ ಈ ಊರಿನಲ್ಲಿ ಯಾವ ಜಗಳವೂ ಬೆಳೆಯಬಾರದಿತ್ತು. ಯಾಕೆಂದರೆ ನನ್ನ ವಯಸ್ಸಿನವರ ಬೆನ್ನೆಲ್ಲ ಕೆಳಗಿನ ಕೇರಿಯ ಸೂಲಗಿತ್ತಿ ಯಲ್ಲವ್ವನದು, ನಮಗಿಂತ ಚಿಕ್ಕವರ ಬೆನ್ನೆಲ್ಲ ಅವಳ ಮಗಳು ಹುಲಿಗೆಮ್ಮನದು. ಆ ತಾಯಿ ಮಗಳ ಕೈ ಮೇಲಿನ ಓಣಿಯ ಬಾವಿಗೆ ಆಗುತ್ತಿರಲಿಲ್ಲ, ಕೊಡಕ್ಕೆ ಆಗುತ್ತಿರಲಿಲ್ಲ, ಪಡಸಾಲೆಗೆ ಆಗುತ್ತಿರಲಿಲ್ಲ. ಬೆನ್ನಿಗೆ ಆಗುತ್ತಿತ್ತು. ನಾನು ಹುಟ್ಟಿದ ಕೋಣೆಗೆ ಯಲ್ಲವ್ವ ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋದಳಂತೆ. ಹೋಗುವಾಗ ಅವಳ ಒಂದು ಕೈ ನನ್ನ ಬಳಿಯೇ ಉಳಿಯಿತು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಚರ್ಮದ ಪಾಠ ಬಂದಾಗ ಬೋರ್ಡಿನ ಮೇಲೆ ಚಿತ್ರ ಬರೆದು, ಒತ್ತಡ ತಿಳಿಯುವ ನರತುದಿ ಇದು, ನಡುಕ ತಿಳಿಯುವುದು ಇದು, ಬಿಸಿ ತಿಳಿಯುವುದು ಇದು ಎಂದು ತೋರಿಸುತ್ತಿದ್ದೆ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಯಾರಾದರೂ ಕೇಳುವವರೇ, "ಅಕ್ಕೋರ, ಬೆನ್ನಿಂದು ಯಾವ ನರ?" ನಾನು, "ಅದು ಪರೀಕ್ಷಾಕ್ಕ ಬರೂದಿಲ್ಲ, ಸುಮ್ನ ಬರಕೋರಿ" ಎನ್ನುತ್ತಿದ್ದೆ.

ನಿವೃತ್ತಿಯಾದ ಮೇಲೆ ನನ್ನನ್ನು ಊರ ಹೆರಿಗೆ ಆಸ್ಪತ್ರೆಯ ಸಮಿತಿಗೆ ಹಾಕಿದರು. ಅಧ್ಯಕ್ಷರು ನೀಲಕಂಠರಾವ ದೇಸಾಯಿ. ಅವರ ಬಗ್ಗೆ ಕೆಟ್ಟದ್ದನ್ನಷ್ಟೇ ಹೇಳಿದರೆ ಸುಳ್ಳಾಗುತ್ತದೆ. ನಾನು ಬಂದರೆ ಎದ್ದು ನಿಲ್ಲುತ್ತಿದ್ದರು. ನನ್ನ ಮೊಣಕಾಲ ನೋವು ನೆನಪಿಟ್ಟು, ಕೈಗಳಿರುವ ಒಂದೇ ಒಂದು ಕುರ್ಚಿಯನ್ನು ನನಗೇ ಬಿಡುತ್ತಿದ್ದರು. ತಾವು ಮಾತ್ರ ಎಂದೂ ಕುರ್ಚಿಗೆ ಒರಗುತ್ತಿರಲಿಲ್ಲ. ಕೋಟಿನ ಬೆನ್ನಿಗೆ ಒಳಗಿನಿಂದ ಹತ್ತಿಯ ದಪ್ಪ ಪದರು ಕೊಡಿಸಿಕೊಂಡಿದ್ದಾರೆಂದು ದರ್ಜಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಯಲ್ಲವ್ವನ ಕೈ ಹೊತ್ತು ದೇವರ ಮುಂದೆ ಕೂಡುವುದು ಅವರಿಗೆ ಜೀವಮಾನದ ಇರುಸುಮುರುಸಾಗಿತ್ತು.

ಸ್ಪರ್ಶದ ಮೇಲೆ ಸಂಶೋಧನೆ ಮಾಡುವ ರೆಹಾನಾ ಎಂಬ ಹುಡುಗಿ ದೂರದ ಊರಿನಿಂದ ಬಂದು ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳಲ್ಲಿ ನೆಲೆಯಾದಳು. ಅವಳ ಜೊತೆ ಬಂದದ್ದು ಒಂದು ರೋಬೋಟ್. ರೋಬೋಟ್ ಎಂದರೆ ಪೂರ್ತಿ ದೇಹವಲ್ಲ, ಕಂಬಕ್ಕೆ ಜೋಡಿಸಿದ ಎರಡು ಕೈಗಳು. ಬೂದು ಬಣ್ಣದ ರಬ್ಬರಿನಂಥ ಚರ್ಮ, ಅದರೊಳಗೆ ಸಾಸಿವೆಗಿಂತ ಸಣ್ಣ ಸೆನ್ಸರುಗಳು. ಅದು ನಮ್ಮೆದುರಿಗೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು, ಒಳಗಿನ ತೆಳು ಪೊರೆಯನ್ನು ಹರಿಯದೆ ಎತ್ತಿ ತೋರಿಸಿತು. ಜಾರುವ ವಸ್ತು ಜಾರುವ ಮೊದಲೇ ಅದಕ್ಕೆ ತಿಳಿಯುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಯಾರಿಗಾದರೂ ಅದರ ಕೈ ಕುಲುಕಲು ಕೊಡುವ ಮೊದಲು ರೆಹಾನಾ ಬಿಸಿನೀರಿನ ಚೀಲವನ್ನು ಆ ರಬ್ಬರ್ ಬೆರಳುಗಳಿಗೆ ಸುತ್ತಿ ಬೆಚ್ಚಗೆ ಮಾಡುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಚಹಾ ಕುಡಿಯುತ್ತ ಅವಳು ಸಂಕೋಚದಿಂದ, "ಮೇಡಂ, ನಿಮ್ಮ ಬೆನ್ನನ್ನ ಒಂದ್ಸಲ ಮುಟ್ಟಿ ನೋಡ್ಲಾ?" ಎಂದಳು. ಸೆರಗು ಸರಿಸಿ ತಿರುಗಿ ಕೂತೆ. ಅವಳ ಅಂಗೈ ಬಂತು, ನಿಂತಿತು, ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಯಂತ್ರದ ಬೆರಳನ್ನು ಅದೇ ಜಾಗಕ್ಕೆ ಇಟ್ಟಳು. ಪರದೆಯ ಮೇಲಿನ ಗೆರೆ ಅಲುಗಲಿಲ್ಲ. "ಇದಕ್ಕೆ ಏನೂ ಸಿಗ್ತಿಲ್ಲ. ನನ್ನ ಕೈಗೆ ಸಿಗ್ತಿದೆ" ಎಂದಳು. "ಹಂಗಂದ್ರ?" ಎಂದೆ. "ಹಾಗಂದ್ರೆ ನನ್ನ ಕೆಲಸ ಇನ್ನೂ ಮುಗಿದಿಲ್ಲ ಅಂತ, ಮೇಡಂ." ಬೇರೆ ಯಾರಾದರೂ ಆಗಿದ್ದರೆ ನಮ್ಮದು ಭ್ರಮೆ ಎನ್ನುತ್ತಿದ್ದರು.

ಈಗ ಹುಲಿಗೆಮ್ಮನ ವಿಷಯ. ಆಸ್ಪತ್ರೆಯಾದ ಮೇಲೂ ಡಾಕ್ಟರಬಾಯಿ ತಾಯಿಯನ್ನು ನೋಡಿಕೊಂಡರೆ, ಕೂಸನ್ನು ಮೊದಲು ಹಿಡಿಯುವವಳು ಹುಲಿಗೆಮ್ಮನೇ. ಆದರೆ ಸಕ್ಕರೆ ಕಾಯಿಲೆ ಅವಳ ಬೆರಳುಗಳನ್ನು ತಿಂದಿತ್ತು. ಬೆರಳು ಇದ್ದವು, ಸ್ಪರ್ಶ ಹೋಗಿತ್ತು, ಅಂಗೈಯೂ ಮರಗಟ್ಟಿತ್ತು. ಒಮ್ಮೆ ಕುದಿಯುವ ನೀರಿನ ಬೋಗುಣಿಯನ್ನು ಬರಿಗೈಯಲ್ಲಿ ಎತ್ತಿ, ಬೊಬ್ಬೆ ಎದ್ದದ್ದನ್ನು ಕಣ್ಣಿನಿಂದ ನೋಡಿ ತಿಳಿದುಕೊಂಡಳು. ಇನ್ನೊಮ್ಮೆ ಒದ್ದೆ ಕೂಸು ಅವಳ ಕೈಯಿಂದ ಜಾರಿತು. ನರ್ಸು ಹಿಡಿದಳು, ಅನಾಹುತ ತಪ್ಪಿತು. ಸಮಿತಿಯಲ್ಲಿ ಈ ಮಾತು ಬಂದಾಗ ಹುಲಿಗೆಮ್ಮನನ್ನೇ ಕರೆಸಿ ಕೇಳಿದರು. ಅವಳು ಬಾಗಿಲಲ್ಲಿ ನಿಂತು, "ಖರೆ ಐತ್ರೀ. ಬೆರಳಿಗೆ ಏನೂ ಹತ್ತವಲ್ದು. ಕೂಸಿನ ಜೀವಾನ ನನ್ನ ಹಟದ ಮ್ಯಾಲೆ ಇಡಬ್ಯಾಡ್ರಿ" ಎಂದಳು. ಅವಳು ನಿಂತೇ ಇದ್ದಳು. ಕೂಡು ಎಂದು ಯಾರೂ ಹೇಳಲಿಲ್ಲ. ನಾನು ನನ್ನ ಪಕ್ಕದ ಕುರ್ಚಿ ಎಳೆದೆ. ಅವಳು ನೋಡಿ ನಕ್ಕಳು, ಕೂಡಲಿಲ್ಲ.

ದೇಸಾಯರು ಇಷ್ಟಕ್ಕೇ ಕಾದಿದ್ದರು. ಇನ್ನು ಮುಂದೆ ಈ ಆಸ್ಪತ್ರೆಯಲ್ಲಿ ಕೂಸನ್ನು ಮೊದಲು ಹಿಡಿಯುವುದು ಯಂತ್ರದ ಕೈ ಮಾತ್ರ, ಮನುಷ್ಯರ ಕೈ ಆಮೇಲೆ ಎಂದು ಠರಾವು ಆಯಿತು. ಹುಲಿಗೆಮ್ಮನನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ನಾನು, "ಹುಲಿಗೆಮ್ಮನ ಕೈ ಸೋತಿದ್ರ ನರ್ಸು ಹಿಡೀಲಿ, ಡಾಕ್ಟರಬಾಯಿ ಹಿಡೀಲಿ. ಯಾರದರೆ ಕೈ ಇರ್ಲಿ" ಎಂದೆ. ದೇಸಾಯರು ಬಹಳ ಮೃದುವಾಗಿ, "ಅಕ್ಕೋರ, ನರ್ಸು ಯಾರ ಪೈಕಿ, ನಾಳೆ ಬರೋ ನರ್ಸು ಯಾರ ಪೈಕಿ, ಯಾರಿಗೆ ಗೊತ್ತು? ಯಂತ್ರಕ್ಕ ಆ ತಕರಾರಿಲ್ಲ" ಎಂದರು. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಹೌದೆಂದು ಕೈಯೆತ್ತಿದರು. ಆಮೇಲೆ ದೇಸಾಯರು ತಮ್ಮ ಕೊಡೆಯಲ್ಲೇ ನನ್ನನ್ನು ಮನೆಯವರೆಗೆ ಬಿಟ್ಟರು, ಮಳೆ ಬರುತ್ತಿತ್ತು.

ಯಂತ್ರ ಹಿಡಿದ ಕೂಸುಗಳು ಒಂದೊಂದಾಗಿ ಹುಟ್ಟಿದವು. ಯಾವುದಕ್ಕೂ ಒಂದು ತರಚು ಗಾಯ ಕೂಡ ಇಲ್ಲ. ಹಾಲು ಕುಡಿಯುತ್ತಿದ್ದವು, ತೂಕ ಏರುತ್ತಿತ್ತು. ಅವುಗಳ ಬೆನ್ನ ಮೇಲೆ ಅಂಗೈ ಇಟ್ಟರೆ ಒಳಗಿನಿಂದ ಏನೂ ಬರುತ್ತಿರಲಿಲ್ಲ. ಮೊದಲ ಕೂಸಿನ ತಾಯಿ ಕಸ್ತೂರಿ, ಬಳೆಗಾರರ ಸೊಸೆ, ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯನ್ನು ಮಗುವಿನ ಬೆನ್ನಿನಿಂದ ತೆಗೆಯುತ್ತಿರಲಿಲ್ಲ. "ಅಕ್ಕೋರ, ಕೈ ತೆಗೆದ್ರ ಇದರ ಹಿಂದ ಯಾರೂ ಇರಂಗಿಲ್ಲಲ್ಲ ಅನಸ್ತೈತ್ರೀ" ಎಂದಳು. ಸಭೆಯಲ್ಲಿ ನಾನು ಇದನ್ನು ಎತ್ತಿದೆ: "ಬೆನ್ನು ಖಾಲಿ ಅವ, ದೇಸಾಯರ." ಅವರು ನಗುತ್ತ ತಲೆ ಅಲ್ಲಾಡಿಸಿದರು. "ಖಾಲಿ ಅಲ್ರೀ ಅಕ್ಕೋರ, ಸ್ವಚ್ಛ."

ರೆಹಾನಾ ಹಗಲೆಲ್ಲ ಯಂತ್ರಕ್ಕೆ ಸ್ಪರ್ಶ ಕೊಡಲು ಹೆಣಗುತ್ತಿದ್ದಳು, ಇವರು ಅದನ್ನು ಹೆರಿಗೆ ಕೋಣೆಗೆ ತಂದದ್ದು ಸ್ಪರ್ಶ ಇರಬಾರದು ಎಂಬ ಕಾರಣಕ್ಕೆ.

ಆಗ ದೇಸಾಯರ ಸೊಸೆ ಮಂದಾಕಿನಿ ತುಂಬಿದ ಬಸುರಿ. ನನ್ನ ಹಳೆಯ ವಿದ್ಯಾರ್ಥಿನಿ. ತರಕಾರಿ ಚೀಲ ಹಿಡಿದು, ತರಕಾರಿಗೆ ಬಂದ ನೆವ ಮಾಡಿ ನನ್ನ ಮನೆಗೆ ಬಂದಳು. ನೀರು ಕೊಟ್ಟೆ, ಕುಡಿಯಲಿಲ್ಲ. "ಅಕ್ಕೋರ, ನನಗ ಅವ್ವನ ನೆನಪಿಲ್ಲ. ನಾ ಹುಟ್ಟಿದ ವಾರಕ್ಕೇ ಹೋದ್ಲು. ಕಾಕಾನ ಮನ್ಯಾಗ ಬೆಳದೆ. ಅಲ್ಲೆ ಎಷ್ಟು ಸಲ ಕತ್ತಲ ಕೋಣ್ಯಾಗ ಹಾಕ್ಯಾರ. ಗೋಡಿಗೆ ಬೆನ್ನು ಹಚ್ಚಿ ಕೂಡತಿದ್ದೆ. ಹುಲಿಗೆಮ್ಮಾಯಿ ಕೈ ಇರ್ತಿತ್ತು. ಅದೊಂದು ಇಲ್ದಿದ್ರ ನಾ ಇಲ್ಲಿತನಕ ಬರ್ತಿರಲಿಲ್ಲ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನನಗೇನರೆ ಹೆಚ್ಚುಕಮ್ಮಿ ಆದ್ರ ಇದರ ಬೆನ್ನಿಗೆ ಯಾರು? ನನ್ನ ಕೂಸಿಗೆ ಕೈ ಬೇಕು, ಅಕ್ಕೋರ. ಅಕಿದ ಬೇಕು."

"ಮಾವನವರಿಗೆ ಹೇಳಿದೇನು?" ಎಂದೆ.

"ಹೇಳೀನಿ. ‘ಹುಚ್ಚಿ’ ಅಂದ್ರು. ಸಿಟ್ಟಿಲೆ ಅಲ್ಲ, ತಲಿ ಮ್ಯಾಲೆ ಕೈ ಆಡ್ಸಿ ಅಂದ್ರು. ಅದಕ್ಕ ಹೆದ್ರಿಕಿ ಆತು."

ನಾನು ಹುಲಿಗೆಮ್ಮನನ್ನು ಹುಡುಕಿಕೊಂಡು ಒಗೆಯುವ ಕಲ್ಲಿನ ಬಳಿಗೆ ಹೋದೆ. ಅವಳು ಒದ್ದೆ ಕಟ್ಟೆಯನ್ನು ತನ್ನ ಸೆರಗಿನಿಂದ ಒರೆಸಿ ನನಗೆ ಜಾಗ ಮಾಡಿದಳು. ವಿಷಯ ಕೇಳಿ, "ಏ, ಹೋಗ್ರೀ ಅಕ್ಕೋರ. ಈ ಕೈಯಾಗ ಸಾಬೂನು ನಿಲ್ಲವಲ್ದು, ಕೂಸ ನಿಲ್ತೈತೇನ್ರಿ? ಮಂದಾನ ಕೂಸು ಜಾರಿಬಿದ್ರ ನಾ ಯಾವ ಬಾವಿ ನೋಡ್ಲಿ?" ಎಂದಳು. ಅವಳದು ನ್ಯಾಯವಾದ ಮಾತು. ಎದ್ದು ಹೊರಟೆ. ದಾರಿಯಲ್ಲಿ ರೆಹಾನಾ ಸಿಕ್ಕಳು, ಎಲ್ಲವನ್ನೂ ಹೇಳಿಬಿಟ್ಟೆ. ಅವಳು "ಬನ್ನಿ ಮೇಡಂ" ಎಂದು ನನ್ನ ಕೈ ಹಿಡಿದು ತನ್ನ ಕೋಣೆಗೆ ಕರೆದೊಯ್ದಳು.

ಕಪಾಟಿನ ಹಿಂದಿನಿಂದ ಅವಳು ತೆಗೆದದ್ದು ಹತ್ತು ಸಣ್ಣ ಟೊಪ್ಪಿಗೆಗಳು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನದ ಹಾಗೆ, ಆದರೆ ಅದೇ ಬೂದು ಚರ್ಮದವು. ಜೊತೆಗೆ ತೋಳಿಗೆ ಕಟ್ಟುವ ಎರಡು ಪಟ್ಟಿ. "ನಾನು ಈ ಓದಿಗೆ ಬಂದದ್ದೇ ಇದಕ್ಕೆ. ಬೆರಳು ಸತ್ತವರಿಗೆ. ಬೆರಳ ತುದಿ ಮುಟ್ಟಿದ್ದನ್ನ ಈ ಪಟ್ಟಿ ತೋಳಿಗೆ ಹೇಳುತ್ತೆ. ತೋಳಿನ ಚರ್ಮ ಇನ್ನೂ ಜೀವಂತ ಇದೆಯಲ್ಲ. ಇದನ್ನ ಕೇಳಿದವರು ಯಾರೂ ಇಲ್ಲ, ಎಲ್ಲರೂ ಆ ಎರಡು ಕೈಯನ್ನೇ ಕೇಳ್ತಾರೆ." ನಾನು ಕೇಳಿದೆ: "ಅಂಗೈ?" ಅವಳಿಗೆ ನನ್ನ ಪ್ರಶ್ನೆ ಅರ್ಥವಾಯಿತು. "ಅಂಗೈ ಬರಿದಾಗೇ ಇರುತ್ತೆ ಮೇಡಂ."

ಹಾಗೆ ನನ್ನ ಅಡಿಗೆಮನೆಯಲ್ಲಿ ಪಾಠ ಶುರುವಾಯಿತು. ಹುಲಿಗೆಮ್ಮ ಮೊದಲ ದಿನ ಪಡಸಾಲೆ ದಾಟಿ ಒಳಗೆ ಬರಲು ಒಪ್ಪಲಿಲ್ಲ. "ಅಲ್ಲೇ ನಿಂತ್ರ ಪಪ್ಪಾಯಿ ನಿನ್ನ ಹತ್ರ ನಡಕೊಂಡು ಬರ್ತದೇನು?" ಎಂದು ನಾನು ಬೈದೆ. ಒಳಗೆ ಬಂದಳು. ಎಣ್ಣೆ ಹಚ್ಚಿದ ಹಣ್ಣು ಪಪ್ಪಾಯಿಯನ್ನು ನಾನು ಕೈಬಿಡುವುದು, ಅವಳು ಹಿಡಿಯುವುದು. ಮೊದಲನೆಯದು ನೆಲಕ್ಕೆ ಬಿದ್ದು ಒಡೆದು ಬೀಜವೆಲ್ಲ ನನ್ನ ಸೀರೆಗೆ ಹಾರಿತು. "ಅವಳಿ ಜವಳಿ ಆತ್ರೀ ಅಕ್ಕೋರ, ನೂರಾ ಎಂಟು" ಎಂದು ಹುಲಿಗೆಮ್ಮ ನಕ್ಕಳು. ತೋಳಿನ ಪಟ್ಟಿ ಗುಂಯ್ ಎಂದಾಗಲೆಲ್ಲ, "ಏ, ತೋಳಿಗೆ ಇರುವಿ ಹತ್ಯಾವು" ಎನ್ನುತ್ತಿದ್ದಳು. ರೆಹಾನಾ ಸಾವಧಾನವಾಗಿ, "ಅಜ್ಜಿ, ಇರುವೆ ಬೇಗಬೇಗ ಓಡಿದ್ರೆ ಹಣ್ಣು ಜಾರ್ತಿದೆ ಅಂತ. ಬೆರಳು ಬಿಗಿ ಮಾಡಿ" ಎನ್ನುತ್ತಿದ್ದಳು. ಬೀದಿಯ ಹಣ್ಣಿನವನು ನಮ್ಮ ಮನೆಗೆ ಇಷ್ಟು ಪಪ್ಪಾಯಿ ಯಾಕೆಂದು ಕೇಳಲಿಲ್ಲ, ದಿನಾ ಒಂದನ್ನು ಸುಮ್ಮನೆ ಹೆಚ್ಚಿಗೆ ಇಟ್ಟು ಹೋಗುತ್ತಿದ್ದ. ಕೊನೆಗೆ ಒಂದು ಮಧ್ಯಾಹ್ನ ಹುಲಿಗೆಮ್ಮ ಕಣ್ಣು ಮುಚ್ಚಿ ಹಣ್ಣು ಹಿಡಿದಳು, ಮತ್ತೆ ಹಿಡಿದಳು, ಮತ್ತೆ ಹಿಡಿದಳು. ಕಣ್ಣು ತೆರೆದಾಗ ಅವು ತುಂಬಿದ್ದವು. "ಎಷ್ಟ ದಿನಾತ್ರೀ, ಒಂದ ಹಣ್ಣು ಹಣ್ಣಂಗ ಅನಸಿ" ಎಂದಳು.

ಮಂದಾಕಿನಿಗೆ ನೋವು ಬಂದದ್ದು ಊಟದ ಹೊತ್ತಿಗೆ. ನರ್ಸು ಹೇಳಿ ಕಳಿಸಿದಳು. ನಾನು ಒಗೆಯುವ ಕಲ್ಲಿನಿಂದ ಹುಲಿಗೆಮ್ಮನನ್ನು ಎಬ್ಬಿಸಿ, ಹಿಂದಿನ ಬಾಗಿಲು ಹತ್ತಿರವಿದ್ದರೂ ಸುತ್ತುಹಾಕಿ ಮುಂಬಾಗಿಲಿನಿಂದ, ದೊಡ್ಡ ಹಜಾರದ ನಡುವೆ ಕರೆದುಕೊಂಡು ಹೋದೆ. ಅಲ್ಲಿ ಚೀಟಿ ಹಿಡಿದು ಕೂತ ಹೆಂಗಸರೆಲ್ಲ ನೋಡಿದರು. ಹೆರಿಗೆ ಕೋಣೆಯಲ್ಲಿ ರೆಹಾನಾ ಯಂತ್ರದ ವೈರು ಕಿತ್ತು ಸುತ್ತುತ್ತಿದ್ದಳು. ನಾನು ಡಾಕ್ಟರಬಾಯಿಯ ಮುಖ ನೋಡಿದೆ. ಅವರು ಹುಲಿಗೆಮ್ಮನ ಬೆರಳ ಟೊಪ್ಪಿಗೆಗಳನ್ನು ಒಂದೊಂದಾಗಿ ಒತ್ತಿ ನೋಡಿ, "ನಾ ತಾಯಿ ನೋಡಿಕೋತೀನಿ. ನರ್ಸು ಪಕ್ಕದಾಗ ನಿಂತಿರ್ಲಿ. ಮುಂದಿಂದು ನೀವುಂಟು, ಸಮಿತಿ ಉಂಟು" ಎಂದರು.

ಹೊರಗೆ ದೇಸಾಯರ ಧ್ವನಿ ಕೇಳಿತು. ನಾನು ಬಾಗಿಲನ್ನು ಅರ್ಧ ತೆರೆದು ಹೊಸ್ತಿಲಲ್ಲಿ ನಿಂತೆ. ಅವರು ಬೆವರಿದ್ದರು, ಆದರೂ ನನಗೆ ಕೈ ಮುಗಿದರು. "ಅಕ್ಕೋರ, ಅಕಿನ್ನ ಹೊರಗ ಕಳಸ್ರಿ. ಠರಾವು ಆಗ್ಯದ."

"ನನ್ನ ಕೈ ಬಿಟ್ಟು ಆಗ್ಯದ ಅದು" ಎಂದೆ.

ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ಆತು. ಯಂತ್ರ ಬ್ಯಾಡ, ಮನಷ್ಯಾರ ಕೈನ ಇರ್ಲಿ. ನಿಮ್ಮ ಮಾತು ಗೆಲ್ಲಲಿ. ಆದ್ರ ನೀವ ಹಿಡೀರಿ ಅಕ್ಕೋರ. ನೀವು ನಮ್ಮವರು, ಓದಿದವರು. ನಿಮಗ ಮಕ್ಕಳಿಲ್ಲ. ನಿಮ್ಮ ಕೈ ಈ ಊರಾಗ ಒಂದ ಬೆನ್ನ ಮ್ಯಾಲರೆ ಉಳೀಲಿ. ದೇಸಾಯರ ಮೊಮ್ಮಗನ ಬೆನ್ನ ಮ್ಯಾಲೆ. ಇದಕ್ಕಿಂತ ಹೆಚ್ಚು ನಾ ಏನು ಕೊಡ್ಲಿ?"

ಒಂದು ಗಳಿಗೆ ನನ್ನ ಅಂಗೈ ನಿಜವಾಗಿಯೂ ಬೆಚ್ಚಗಾಯಿತು. ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದೇನೆ. ಅವರ ತಲೆಯಲ್ಲಿ ಕಪ್ಪೆಯ ಹೃದಯ ಉಳಿದಿರಬಹುದು, ನಾನು ಉಳಿದಿಲ್ಲ. ನಾನು ಸತ್ತ ಮೇಲೂ ಒಂದು ಜೀವ ಕತ್ತಲಲ್ಲಿ ಗೋಡೆಗೆ ಒರಗಿದಾಗ ಅದರ ಹಿಂದೆ ನಾನು ಇರುತ್ತೇನೆ ಎಂಬ ಆಸೆ ಸಣ್ಣದಲ್ಲ. ದೇಸಾಯರಿಗೆ ಅದು ಗೊತ್ತಿತ್ತು. ಇಷ್ಟು ವರ್ಷ ಕುರ್ಚಿ ಬಿಟ್ಟುಕೊಟ್ಟವರಿಗೆ ನನ್ನ ನೋವು ಎಲ್ಲೆಲ್ಲಿದೆ ಎಂಬುದು ಗೊತ್ತಾಗದೆ ಇರುತ್ತದೆಯೇ? ಒಳಗೆ ಮಂದಾಕಿನಿ ಕೂಗಿದಳು. ಕೂಗಿದ್ದು ನನ್ನ ಹೆಸರನ್ನಲ್ಲ.

"ದೇಸಾಯರ, ನನ್ನ ಬೆನ್ನಿನ ಮ್ಯಾಲೆ ಯಲ್ಲವ್ವನ ಕೈ ಅದ. ನಿಮ್ಮ ಬೆನ್ನಿನ ಮ್ಯಾಲೂ ಅಕಿ ಕೈನ ಅದ. ಎಪ್ಪತ್ತು ವರ್ಷ ಅದನ್ನ ಹತ್ತೀಲೆ ಮುಚ್ಚಿ ನೋಡೀರಿ, ಹೋತೇನು? ನನಗ ಆಸೆ ಇಲ್ಲ ಅಂತ ಹೇಳೂದಿಲ್ಲ. ಆದ್ರ ಅಕಿ ಕೈ ತಪ್ಪಿಸಲಿಕ್ಕೆ ನನ್ನ ಕೈ ಕೊಡೂದಿಲ್ಲ. ನನ್ನ ಕೈ ಅಷ್ಟು ಹೊಲಸಿಲ್ಲ" ಎಂದೆ.

ಹಜಾರದ ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು. ಇಷ್ಟು ಜೋರಾಗಿ ನಾನು ಕ್ಲಾಸಿನಲ್ಲೂ ಮಾತಾಡಿದವಳಲ್ಲ. ಬಾಗಿಲು ಮುಚ್ಚಲು ಹೋದೆ, ದೇಸಾಯರ ಕೈ ಬಾಗಿಲಿಗೆ ಬಂತು. ಅಷ್ಟರಲ್ಲಿ ಬಳೆಗಾರರ ಕಸ್ತೂರಿ, ಮಗುವನ್ನು ಎದೆಗೆ ಹಾಕಿಕೊಂಡವಳು, ಎದ್ದು ಬಂದು ನಮ್ಮಿಬ್ಬರ ನಡುವೆ ನುಸುಳಿ ಹೊಸ್ತಿಲಿಗೆ ಕೂತಳು. "ಸರೀರಿ ಯಜಮಾನ್ರ, ಕೂಸಿಗೆ ಹಾಲು ಕುಡಿಸಬೇಕು" ಎಂದಳು. ಅವಳ ಪಕ್ಕ ಇನ್ನೊಬ್ಬಳು. ಅವಳ ಪಕ್ಕ ತುಂಬುಹೊಟ್ಟೆಯ ಮತ್ತೊಬ್ಬಳು, ನಿಟ್ಟುಸಿರು ಬಿಡುತ್ತ, "ಅಯ್ಯ, ಇಲ್ಲಿ ಗಾಳಿ ಚಲೋ ಬರ್ತೈತಿ ನೋಡು" ಎಂದು. ಗಾಳಿ ಎಲ್ಲಿಂದಲೂ ಬರುತ್ತಿರಲಿಲ್ಲ. ನಾನು ಒಳಗಿನಿಂದ ಬಾಗಿಲು ಮುಚ್ಚಿದೆ, ಹೊರಗಿನಿಂದ ಅವರೆಲ್ಲ ಬೆನ್ನು ಕೊಟ್ಟರು. ಮರದ ಹಲಗೆಯ ಮೇಲೆ ಕೈಯಿಟ್ಟೆ. ಅಷ್ಟು ದಪ್ಪ ತೇಗದ ಆಚೆಯಿಂದಲೂ ಎದುರು ಒತ್ತಿದ ಹಾಗಾಯಿತು. ದೇಸಾಯರು ಬಸುರಿ ಬಾಣಂತಿಯರನ್ನು ಎಳೆದು ಹಾಕುವ ಮನುಷ್ಯರಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಒಳಗೆ ಮಂದಾಕಿನಿ ಕೊನೆಯ ಸಲ ತಿಣುಕಿದಳು. ಹುಲಿಗೆಮ್ಮ ಮೊಣಕಾಲೂರಿ ಕೂತಿದ್ದಳು, ತೋಳಿಗೆ ಪಟ್ಟಿ, ಬೆರಳಿಗೆ ಟೊಪ್ಪಿಗೆ, ಬರಿಯ ಅಂಗೈ. ನರ್ಸಿನ ಕೈಗಳು ಅವಳ ಕೈಗಳ ಕೆಳಗೆ ಒಂದು ಗೇಣು ಅಂತರದಲ್ಲಿ ಕಾಯುತ್ತಿದ್ದವು. ತಲೆ ಬಂತು, ಹೆಗಲು ಬಂತು, ಆಮೇಲೆ ಎಲ್ಲ ಒಮ್ಮೆಲೇ ಜಾರಿತು. "ಇರುವಿ ಓಡಾಕ ಹತ್ಯಾವು" ಎಂದು ಹುಲಿಗೆಮ್ಮ ತನಗೇ ಹೇಳಿಕೊಂಡಳು, ಬೆರಳು ಬಿಗಿಯಾದವು. ಕೂಸು ಕೈಯಲ್ಲಿ ನಿಂತಿತು. ಅವಳ ಎಡ ಅಂಗೈ ಅದರ ಬೆನ್ನಿಗೆ ಪೂರ್ತಿಯಾಗಿ ಹರಡಿಕೊಂಡಿತ್ತು. ಹೆಣ್ಣು. ಅದು ಅತ್ತಿತು, ಹೊರಗೆ ಹೆಂಗಸರು ಗುಜುಗುಟ್ಟಿದರು. ನರ್ಸು ಕಾದಿದ್ದ ತನ್ನ ಕೈಗಳನ್ನು ಹಿಂದೆ ತೆಗೆದು ಕಣ್ಣೊರೆಸಿಕೊಂಡಳು.

ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿದ ಮೇಲೆ ಹುಲಿಗೆಮ್ಮ ಟೊಪ್ಪಿಗೆಗಳನ್ನು ಕಳಚಿದಳು. ಅದರ ಬೆನ್ನ ಮೇಲೆ ಮತ್ತೆ ಬರಿಗೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅವಳ ಮುಖದ ಬಣ್ಣ ಇಳಿಯಿತು. ಅವಳ ಕೈಗೆ ಏನೂ ತಿಳಿಯುತ್ತಿರಲಿಲ್ಲ. ರೆಹಾನಾ ಮಾಡಿದ ಬೂದು ಚರ್ಮಕ್ಕೂ ಅದು ಸಿಗುವಂಥದ್ದಲ್ಲ. ಊರ ಬೆನ್ನಿಗೆಲ್ಲ ಕೈಯಿಟ್ಟವಳು ನನ್ನ ಕಡೆ ತಿರುಗಿ, ಬಹಳ ಸಣ್ಣ ದನಿಯಲ್ಲಿ, "ಅಕ್ಕೋರ, ಸತ್ತ ಕೈ ಇದು. ಉಳದೈತೋ ಇಲ್ಲೋ. ನೀವ ನೋಡ್ರಿ. ಐತೇನ್ರಿ?" ಎಂದಳು.

ನಾನು ಕೈ ತೊಳೆದು, ಒರೆಸಿ, ಉಜ್ಜಿ ಬಿಸಿ ಮಾಡಿಕೊಂಡು, ಆ ಒಂದು ಹಿಡಿ ಬೆನ್ನಿನ ಮೇಲೆ ಅಂಗೈ ಇಟ್ಟೆ. ಕೂಸಿನ ಉಸಿರು ಏರಿತು, ಇಳಿಯಿತು. ಮತ್ತೆ ಏರಿತು. ಆಗ ಒಳಗಿನಿಂದ, ಒಗೆದು ಒಗೆದು ಒರಟಾದ, ದೊಡ್ಡದೊಂದು ಅಂಗೈ ನನ್ನ ಕೈಗೆ ಎದುರು ಒತ್ತಿತು.

"ಐತಿ" ಎಂದೆ. ಹುಲಿಗೆಮ್ಮನಿಗೆ ಕೇಳಿಸಿತು, ನನಗೆ ಅಷ್ಟು ಸಾಲದೆನಿಸಿತು. ಬಾಗಿಲಿನ ಕಡೆ ತಿರುಗಿ, ಹಜಾರದ ಕೊನೆಯವರೆಗೂ ಮುಟ್ಟುವ ಹಾಗೆ, "ಐತಿ!" ಎಂದು ಕೂಗಿದೆ. ಹೊರಗಿನ ಬೆನ್ನುಗಳು ಬಾಗಿಲಿನಿಂದ ಎದ್ದ ಸದ್ದಾಯಿತು. ನಾನೇ ಬಾಗಿಲು ತೆರೆದೆ. ದೇಸಾಯರು ನಿಂತಲ್ಲೇ ನಿಂತಿದ್ದರು, ಒಂದು ಹೆಜ್ಜೆ ಮುಂದಿಟ್ಟರು.

"ಮೊಮ್ಮಗಳು. ಬರ್ರಿ, ಮುಟ್ಟಿ ನೋಡ್ರಿ" ಎಂದೆ. "ಆದ್ರ ದೇಸಾಯರ, ಮೊದಲ ಕೈ ತೊಳಕೊಂಡು ಬರ್ರಿ."